ಬಟ್ಟೆಗೆ ಬಾಲ ಯಾಕೆ

ಫೆಬ್ರವರಿ ೪

ಮಾನ್ಯ ಡಾಕ್ಟರ್ ಸಾಹೇಬರಿಗೆ ನಮಸ್ಕಾರಗಳು.

ನಿಮ್ಮ ಕಥೆಯನ್ನು ನಮಗೆ ಮೊದಲು ಹೇಳಿದವರು ನಮ್ಮ ಕತ್ತರಿ ಮಾವ. ಹೇಳಿದ್ದು ಜನವರಿಯ ಎರಡನೆಯ ಸೋಮವಾರ, ಮಧ್ಯಾಹ್ನ ಊಟದ ಡಬ್ಬಿ ಮುಚ್ಚುವ ಹೊತ್ತಿಗೆ. ಅವರು ಯಾರಿಗೂ ಮಾವನಲ್ಲ. ನಮ್ಮ ಹೊಲಿಗೆ ಶೆಡ್ಡಿನಲ್ಲಿ ಬಟ್ಟೆ ಕತ್ತರಿಸುವ ಹಿರಿಯರು, ಅದಕ್ಕೇ ಎಲ್ಲರಿಗೂ ಮಾವ. ಹಳೆಯ ಪುಸ್ತಕದಂಗಡಿಯಲ್ಲಿ ‘ಹದಿಮೂರನೇ ಹೊಲಿಗೆ’ ಎಂಬ ಹೆಸರು ನೋಡಿ, ಟೈಲರಿಂಗ್ ಕಲಿಸುವ ಪುಸ್ತಕವೆಂದು ತಿಳಿದು ತಂದುಬಿಟ್ಟಿದ್ದರು.

“ಹನ್ನೆರಡು ಥರ ಹೊಲಿಗೆ ನನಗೆ ಗೊತ್ತು. ಈ ಹದಿಮೂರನೇದು ಯಾವುದು ನೋಡೇಬಿಡೋಣ ಅಂತ ತಂದೆ ಕಣ್ರಮ್ಮಾ. ಮೂರನೇ ಪುಟಕ್ಕೇ ಒಂದು ಹೆಣ ಬಿತ್ತು!” ಎಂದರು.

ಆ ಹೆಣ ಯಾರದು, ಹೇಗೆ ಬಿತ್ತು ಎಂದು ಅವರು ಹೇಳುತ್ತಾ ಹೋದಂತೆ ನಮ್ಮ ಮಿಷಿನ್‌ಗಳೆಲ್ಲ ಒಂದೊಂದಾಗಿ ನಿಂತವು. ಅವರು ತಾವಾಗಿ ಓದಿದ್ದು ಮೊದಲ ಎರಡು ಅಧ್ಯಾಯ ಮಾತ್ರ. ಮರುದಿನದಿಂದ ಓದುವ ಕೆಲಸ ನನ್ನ ಪಾಲಿಗೆ ಬಂತು. ಶೆಡ್ಡಿನಲ್ಲಿ ನನಗೆ ರೇಡಿಯೋ ಎಂದು ಹೆಸರು. ನಾನು ಜೋರಾಗಿ ಓದುತ್ತೇನೆ, ನನ್ನ ಪಾಲಿನ ಹೊಲಿಗೆಯನ್ನು ಉಳಿದವರು ಹಂಚಿಕೊಳ್ಳುತ್ತಾರೆ. ಕೊನೆಯ ಪುಟದಲ್ಲಿ “ಓದುಗರು ತಮ್ಮ ಅಭಿಪ್ರಾಯ ತಿಳಿಸಬೇಕು” ಎಂದು ವಿಳಾಸ ಕೊಟ್ಟಿದ್ದೀರಿ. ಕೊಡಬಾರದಿತ್ತು. ಇಲ್ಲಿ ಒಬ್ಬೊಬ್ಬರಿಗೆ ಎರಡೆರಡು ಅಭಿಪ್ರಾಯ.

ಇಸ್ತ್ರಿ ಅಕ್ಕ ನನ್ನ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ. ಅವಳ ಅಭಿಪ್ರಾಯ: ಕಥಾನಾಯಕ ಡಾಕ್ಟರು ಮುನ್ನೂರು ಪುಟದಲ್ಲಿ ಒಂದು ಸಲವೂ ಊಟ ಮಾಡಿಲ್ಲ. “ಬರೀ ಕಾಫಿ ಕುಡಿದು ಕೊಲೆಗಾರನ ಹಿಂದೆ ಓಡಿದರೆ ಎರಡನೇ ಮಹಡಿಯಲ್ಲೇ ತಲೆ ಸುತ್ತಿ ಬೀಳ್ತಾನೆ, ಬರಿ” ಅಂತಾಳೆ. ಕತ್ತರಿ ಮಾವನ ಅಭಿಪ್ರಾಯ: ಎರಡನೇ ಅಧ್ಯಾಯದಲ್ಲಿ ಆಪರೇಷನ್ ಗೌನಿನ ಲಾಡಿ ಮುಂದೆ ಕಟ್ಟಿದ್ದೀರಿ, ನಾವು ಇಪ್ಪತ್ತು ವರ್ಷದಿಂದ ಹಿಂದೆ ಕಟ್ಟುವಂತೆ ಹೊಲಿಯುತ್ತಿದ್ದೇವೆ. ನನ್ನ ಅತ್ತೆಯವರೂ ಇದೇ ಶೆಡ್ಡಿನಲ್ಲಿದ್ದಾರೆ. ಅವರು ಕೊಲೆಗಾರನನ್ನು ನಲವತ್ತನೇ ಪುಟದಲ್ಲೇ ಹಿಡಿದರು. “ಅವನೊಬ್ಬನೇ ಎರಡೆರಡು ಸಲ ಕೈ ತೊಳೀತಾನಲ್ಲ” ಎಂದರು.

ಏಳನೇ ಅಧ್ಯಾಯದ ಪಿಸುಗುಟ್ಟುವ ಬಟ್ಟೆಯ ಬಗ್ಗೆ ಎಲ್ಲರದೂ ಒಂದೇ ಅಭಿಪ್ರಾಯ: ಅಂಥ ಭಯ ಯಾವ ಪುಸ್ತಕದಲ್ಲೂ ಪಟ್ಟಿರಲಿಲ್ಲ. ಇದನ್ನು ಬರೆಯಲೇಬೇಕೆಂದು ಇಸ್ತ್ರಿ ಅಕ್ಕ ಹಟ ಹಿಡಿದಿದ್ದಾಳೆ.

ಒಂದು ಸಣ್ಣ ಪ್ರಶ್ನೆ. ನಾವು ಆಸ್ಪತ್ರೆಗಳಿಗೆ ಗೌನು, ಹಸಿರು ಹೊದಿಕೆ ಹೊಲಿಯುತ್ತೇವೆ. ಜೊತೆಗೆ ಆಪರೇಷನ್ನಿನಲ್ಲಿ ರಕ್ತ ಒತ್ತುವ ಚೌಕದ ಬಟ್ಟೆಯನ್ನೂ ಹೊಲಿಯುತ್ತೇವೆ. ಅದರ ಒಂದು ಮೂಲೆಗೆ ಗೇಣುದ್ದದ ನೀಲಿ ಲಾಡಿ ಹಚ್ಚುತ್ತೇವೆ. ನಾವದನ್ನು ಬಾಲದ ಬಟ್ಟೆ ಎನ್ನುತ್ತೇವೆ. ಅದಕ್ಕೆ ಬಾಲ ಯಾಕೆ? ಒಗೆದ ಮೇಲೆ ಮೊಳೆಗೆ ನೇತುಹಾಕೋಕೆ ಅಂತ ಅತ್ತೆ ಹೇಳುತ್ತಾರೆ. ಮೂವತ್ತು ವರ್ಷದಿಂದ ಬಾಲ ಹಚ್ಚುತ್ತಿರುವವರು ಅವರೇ.

ಇಂತಿ ನಿಮ್ಮ ಓದುಗರ ಪರವಾಗಿ,
ರೇಡಿಯೋ


ಫೆಬ್ರವರಿ ೧೩

ಶ್ರೀಮತಿ ರೇಡಿಯೋ ಅವರಿಗೆ,

ನಿಮ್ಮ ಪತ್ರ ತಲುಪಿ ಆನಂದವಾಯಿತು. ಸುದೀರ್ಘ ಆಸ್ಪತ್ರೆ ಸೇವೆಯಲ್ಲಿ ಪಡೆದ ಅನುಭವಗಳನ್ನೇ ನಾನು ಕೃತಿಗೆ ಇಳಿಸಿದ್ದೇನೆ. ಗೌನಿನ ಲಾಡಿಯ ವಿಷಯದಲ್ಲಿ ನಿಮ್ಮ ಮಾವನವರು ಹೇಳಿದ್ದೇ ಸರಿ. ಅದು ಮುದ್ರಣದ ಗಡಿಬಿಡಿ ಇರಬೇಕು. ಕಥಾನಾಯಕನಿಗೆ ಮುಂದಿನ ಮುದ್ರಣದಲ್ಲಿ ಊಟ ಹಾಕಿಸುತ್ತೇನೆ.

ಬಾಲದ ಪ್ರಶ್ನೆ ಓದಿ ಬಹಳ ನಕ್ಕೆ. ಅದು ಮೊಳೆಗಲ್ಲ. ಮುಂದೊಮ್ಮೆ ವಿವರವಾಗಿ ಬರೆಯುವೆ.

ಒಂದು ಮಾತು. ಪಿಸುಗುಟ್ಟುವ ಬಟ್ಟೆ ಎಂದಿದ್ದೀರಿ. ಅದು ಯಾವ ಪುಟದಲ್ಲಿದೆ? ಸುಮ್ಮನೆ ಕುತೂಹಲಕ್ಕೆ ಕೇಳಿದೆ, ಬೇರೇನಿಲ್ಲ.

ವಿಶ್ವಾಸಿ,
ಡಾ. —


ಫೆಬ್ರವರಿ ೨೨

ಡಾಕ್ಟರ್ ಸಾಹೇಬರಿಗೆ,

ನಿಮ್ಮ ಪತ್ರವನ್ನು ಶೆಡ್ಡಿನಲ್ಲಿ ಓದಿದೆ, ಕೊನೆಯ ಎರಡು ಸಾಲು ಬಿಟ್ಟು. ಈ ಪತ್ರವನ್ನು ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಒಬ್ಬಳೇ ಬರೆಯುತ್ತಿದ್ದೇನೆ.

ಹೋದ ಸಲ ಒಂದು ವಿಷಯ ಬರೆಯಲಿಲ್ಲ. ನಮ್ಮ ಅತ್ತೆಯವರ ಹೊಟ್ಟೆಯಲ್ಲಿ ಒಂದು ಗಡ್ಡೆ ಇದೆ. ಹೋದ ವರ್ಷ ನಿಂಬೆಹಣ್ಣಿನಷ್ಟಿತ್ತು, ಈಗ ಕಿತ್ತಳೆಯಷ್ಟಾಗಿದೆ. “ಕೆಟ್ಟ ಗಡ್ಡೆ ಅಲ್ಲ ಅನ್ಸುತ್ತೆ. ಆದ್ರೆ ಯಾವತ್ತಾದ್ರೂ ತಿರುಚಿಕೊಂಡ್ರೆ ಜೀವಕ್ಕೇ ಬರುತ್ತೆ, ತೆಗೀಲೇಬೇಕು” ಎಂದು ನಾವು ಬಟ್ಟೆ ಹೊಲಿದು ಕೊಡುವ ಆಸ್ಪತ್ರೆಯ ಡಾಕ್ಟರಮ್ಮ ಹೇಳಿ, ಇದೇ ತಿಂಗಳು ಹತ್ತನೇ ತಾರೀಖು ಗೊತ್ತು ಮಾಡಿದ್ದರು. ಅತ್ತೆ ಚೀಲವನ್ನೂ ತುಂಬಿಟ್ಟಿದ್ದರು. ಏಳನೇ ಅಧ್ಯಾಯ ಕೇಳಿದ ಮೇಲೆ ಚೀಲ ಬಿಚ್ಚಿ ಸೀರೆಗಳನ್ನು ಮತ್ತೆ ಕಪಾಟಿನಲ್ಲಿಟ್ಟರು.

“ನಾನೇ ಹೊಲಿದ ಬಟ್ಟೆ ನನ್ನ ಹೊಟ್ಟೇಲಿ ಕೂತು ಪಿಸುಗುಟ್ಟೋದು ಬೇಡ” ಅಂತಾರೆ.

“ಅದು ಕಥೆ ಅತ್ತೆ” ಅಂದೆ.

“ಯಾರೋ ದಾರೀಲಿ ಹೋಗೋನು ಬರೆದಿದ್ರೆ ಕಥೆ ಅನ್ನಬಹುದಿತ್ತು. ಡಾಕ್ಟರೇ ಬರೆದಿದ್ದಾರೆ. ಒಳಗಿರೋರಿಗೆ ಗೊತ್ತಿಲ್ದೇ ಇರುತ್ತಾ?”

ಅವರಿಗೆ ಓದಲು ಬರುವುದಿಲ್ಲ. ಪುಸ್ತಕದಲ್ಲಿ ಏನಿದೆ ಎಂದು ನನ್ನ ಬಾಯಿಂದಲೇ ತಿಳಿಯುವವರು. ಅವರ ಮಗ, ಅಂದರೆ ನಮ್ಮವರು, ಲಾರಿ ಓಡಿಸುತ್ತಾರೆ. ತಿಂಗಳಲ್ಲಿ ಹತ್ತು ದಿನ ಮನೆಯಲ್ಲಿದ್ದರೆ ಹೆಚ್ಚು. ಮನೆಯಲ್ಲಿ ನಾವಿಬ್ಬರೇ. ಮೊನ್ನೆ ನೀರಿನ ಕೊಡ ಎತ್ತುವಾಗ ಅತ್ತೆ ಗೋಡೆ ಹಿಡಿದು ನಿಂತದ್ದನ್ನು ನೋಡಿದೆ. ನೋಡಿದ್ದು ಅವರಿಗೆ ಗೊತ್ತಾಗಬಾರದೆಂದು ಬೆನ್ನು ತಿರುಗಿಸಿದೆ.

ದಯವಿಟ್ಟು ಒಬ್ಬ ಡಾಕ್ಟರಾಗಿ ಅವರಿಗೆ ನಾಲ್ಕು ಸಾಲು ಬರೆಯಿರಿ. ಭಯ ಬೇಡ ಎಂದು ಹೇಳಿ. ಪುಟದ ಸಂಖ್ಯೆ ಈಗ ನೆನಪಿಲ್ಲ.

ನಿಮ್ಮ ಸಹಾಯಕ್ಕೆ ಕಾದಿರುವ,
ರೇಡಿಯೋ


ಮಾರ್ಚ್ ೩

ಮಾನ್ಯ ಹಿರಿಯ ತಾಯಿಯವರಿಗೆ,

ವೈದ್ಯಕೀಯ ಅನುಭವದ ಆಧಾರದ ಮೇಲೆ ತಿಳಿಸುವುದೇನೆಂದರೆ, ಶಸ್ತ್ರಚಿಕಿತ್ಸೆಯ ಬಗ್ಗೆ ತಾವು ಭಯಪಡಬೇಕಾದ ಕಾರಣವಿಲ್ಲ. ಕಾದಂಬರಿಯಲ್ಲಿ ಬರುವ ಘಟನೆಗಳು ಕಾಲ್ಪನಿಕ. ತಾವು ಧೈರ್ಯವಾಗಿ ಚಿಕಿತ್ಸೆ ಪಡೆಯತಕ್ಕದ್ದು.

ಡಾ. —


ಮಾರ್ಚ್ ೧೦

ಸಾಹೇಬರಿಗೆ,

ನಿಮ್ಮ ಕಾಗದ ಓದಿದೆ. ಅತ್ತೆ ಕೇಳಿಸಿಕೊಂಡು, ಮಿಷಿನ್ನಿನಿಂದ ತಲೆಯೆತ್ತದೆ ಹೇಳಿದರು: “ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ. ಡಾಕ್ಟ್ರ ಪರವಾಗಿ ಡಾಕ್ಟ್ರು ಹೇಳದೆ ಇನ್ನೇನು ನಾನು ಹೇಳ್ಲಾ?”

ಇಸ್ತ್ರಿ ಅಕ್ಕ, “ಪುಸ್ತಕದಲ್ಲಿ ಎಷ್ಟು ಚೆಂದ ಮಾತಾಡ್ತಾರೆ, ಕಾಗದದಲ್ಲಿ ನೋಡು, ಕಚೇರಿ ನೋಟೀಸು ಇದ್ದಂಗಿದೆ” ಎಂದಳು. ಕ್ಷಮಿಸಿ, ನನಗೂ ಹಾಗೇ ಅನಿಸಿತು.

ಡಾಕ್ಟರಮ್ಮ ಮತ್ತೆ ಹೇಳಿ ಕಳಿಸಿದ್ದಾರೆ. ಏಪ್ರಿಲ್ ಮುಗಿಯುವುದರೊಳಗೆ ಆಗಬೇಕಂತೆ. ನೀವು ಒಂದು ದಿನ ಬಂದು ಎದುರಿಗೆ ಕೂತು ಹೇಳಿದರೆ ಕೇಳಿಯಾರು. ಬರುತ್ತೀರಾ? ಬಸ್ಸಿಳಿಯುವಲ್ಲಿಗೆ ನಾನೇ ಬರುತ್ತೇನೆ. ಇದಕ್ಕಿಂತ ಹೆಚ್ಚಿಗೆ ಕೇಳಲು ನನಗೆ ಬಾಯಿಲ್ಲ.

ರೇಡಿಯೋ


ಮಾರ್ಚ್ ೨೪

ಸಾಹೇಬರಿಗೆ,

ಉತ್ತರವಿಲ್ಲ. ಬರಲು ಕರೆದದ್ದು ತಪ್ಪಾಯಿತೇ? ಬೇಸರವಾಗಿದ್ದರೆ ಬೈದಾದರೂ ಒಂದು ಕಾರ್ಡು ಹಾಕಿ. ಅತ್ತೆ ಈಗ ಮಧ್ಯಾಹ್ನ ಬಟ್ಟೆಯ ರಾಶಿಗೆ ಒರಗಿ ಅರ್ಧ ಗಂಟೆ ಮಲಗುತ್ತಾರೆ. “ಬಿಸಿಲು ಜಾಸ್ತಿ” ಅಂತಾರೆ. ಶೆಡ್ಡಿನೊಳಗೆ ಬಿಸಿಲೆಲ್ಲಿಂದ ಬಂತು?

ರೇಡಿಯೋ


ಏಪ್ರಿಲ್ ೨

ತಂಗಿ ರೇಡಿಯೋಗೆ,

ತಂಗಿ ಎಂದು ಕರೆಯುತ್ತಿದ್ದೇನೆ, ಏಕೆಂದರೆ ಈ ಕಾಗದವನ್ನು ಸಾಹೇಬನಾಗಿ ಬರೆಯಲು ಆಗುವುದಿಲ್ಲ.

ನಾನು ಡಾಕ್ಟರ್ ಅಲ್ಲ. ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ಒಗೆದವನು. ನೆಲಮಾಳಿಗೆಯಲ್ಲಿ ನಮ್ಮ ವಿಭಾಗ. ಮೇಲಿನ ಮೂರು ಮಹಡಿಯ ಹೊದಿಕೆ, ಗೌನು, ಟವೆಲು ಎಲ್ಲ ಚೀಲ ಚೀಲವಾಗಿ ಬಂದು ನಮ್ಮ ಮುಂದೆ ಬೀಳುತ್ತಿದ್ದವು. ಹಾಗಿದ್ದೂ ಅಲ್ಲಿ ಎಲ್ಲರೂ ನನ್ನನ್ನು ‘ಡಾಕ್ಟ್ರು’ ಎಂದೇ ಕರೆಯುತ್ತಿದ್ದರು, ಯಾಕೆ ಎಂದು ಮುಂದೆ ಹೇಳುತ್ತೇನೆ. ಹಸ್ತಪ್ರತಿಯ ಮೇಲೆ ಆ ಅಡ್ಡಹೆಸರನ್ನು ಬರೆದು ಕಳಿಸಿದ್ದೆ. ಪ್ರಕಾಶಕರು ಅದನ್ನು ‘ಡಾ.’ ಎಂದು ಮಾಡಿ, ಹಿಂಬದಿಯಲ್ಲಿ ‘ಮೂರು ದಶಕಗಳ ಆಸ್ಪತ್ರೆ ಸೇವೆ’ ಎಂದು ಅಚ್ಚು ಹಾಕಿದರು. ಎರಡನೆಯದು ಸುಳ್ಳಲ್ಲವಲ್ಲ ಎಂದು ಮೊದಲನೆಯದನ್ನು ನಾನು ತಿದ್ದಿಸಲಿಲ್ಲ. ನಮ್ಮ ಬೀದಿಯ ಅಂಗಡಿಯವರು “ನಮಸ್ಕಾರ ಡಾಕ್ಟ್ರೇ” ಎಂದಾಗ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಅಲ್ಲಿಂದ ಬಗ್ಗಿಸಲು ಮನಸ್ಸಾಗಲಿಲ್ಲ. ನಿಮ್ಮ ಅತ್ತೆಯವರಿಗೆ ಬರೆದ ಆ ಕಾಗದ ನೋಟೀಸಿನಂತಿತ್ತು ಎಂದಿರಿ. ನಿಜ. ಬೇರೆಯವರ ಅಂಗಿ ತೊಟ್ಟವನಿಗೆ ಕೈ ಎತ್ತಲು ಆಗುವುದಿಲ್ಲ.

ಇನ್ನು ಇಷ್ಟು ದಿನ ಸುಮ್ಮನಿದ್ದ ಕಾರಣ. ಪಿಸುಗುಟ್ಟುವ ಬಟ್ಟೆ ನನ್ನ ಪುಸ್ತಕದಲ್ಲಿ ಇಲ್ಲ. ಏಳನೇ ಅಧ್ಯಾಯವನ್ನು ಹದಿನೈದು ಸಲ ಓದಿದೆ. ನಿಮ್ಮ ಶೆಡ್ಡಿನವರೆಲ್ಲ ಕೇಳಿದ್ದೀರಿ, ಭಯಪಟ್ಟಿದ್ದೀರಿ. ನನಗೆ ಮಾತ್ರ ಬರೆದ ನೆನಪಿಲ್ಲ, ಕಣ್ಣಿಗೂ ಕಾಣುತ್ತಿಲ್ಲ. ತಂಗೀ, ನಮ್ಮ ತಾಯಿ ಕೊನೆಯ ವರ್ಷ ನನ್ನನ್ನೇ ಹಿಡಿದು “ಯಾರಪ್ಪಾ ನೀನು, ಯಾರ ಮನೆಯವನು?” ಎಂದು ಕೇಳಿದವರು. ನನಗೂ ಅದೇ ಶುರುವಾಯಿತು ಎಂದುಕೊಂಡೆ. ಸ್ಟೌವ್ ಆರಿಸಿದ್ದನ್ನು ಮೂರು ಸಲ ಎದ್ದು ನೋಡುತ್ತಿದ್ದೆ. ನಿಮಗೆ ಬರೆಯಲು ಕೂತು ಎರಡು ಸಲ ಹಾಳೆ ಹರಿದೆ.

ಕೊನೆಗೆ ನೆನಪಿನ ಡಾಕ್ಟರ ಬಳಿ ಹೋದೆ. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಎಂದರು. ಐದು ವಸ್ತು ತೋರಿಸಿ, ಮುಚ್ಚಿಟ್ಟು ಕೇಳಿದರು. ನಡುವೆ, “ಏನು ಕೆಲಸ ಮಾಡ್ತಿದ್ರಿ?” ಎಂದರು. “ಬಟ್ಟೆ ಒಗೀತಿದ್ದೆ” ಎಂದೆ. ಪುಸ್ತಕ ಬಂದ ಮೇಲೆ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಹಲ್ಲು ಕಿತ್ತ ಮೇಲೆ ಆಗುವಷ್ಟು ಹಗುರಾಯಿತು.

ಎಲ್ಲ ಮುಗಿದ ಮೇಲೆ ಅವರು, “ನಿಮ್ಮ ನೆನಪು ನನ್ನದಕ್ಕಿಂತ ಚೆನ್ನಾಗಿದೆ. ನೀವು ಬರೆದಿಲ್ಲ ಅಂದ್ರೆ ಬರೆದಿಲ್ಲ. ಬೇರೆ ಯಾರೋ ಸೇರಿಸಿದ್ದಾರೆ, ಹುಡುಕಿ” ಎಂದರು.

ಹಾಗಾಗಿ ಕೇಳುತ್ತೇನೆ, ಕೋಪವಿಲ್ಲದೆ ಕೇಳುತ್ತೇನೆ. ಆ ಬಟ್ಟೆಯ ಬಾಯಿಗೆ ಮಾತು ಕೊಟ್ಟವರು ಯಾರು?

ಈಗ ನಿಮ್ಮ ಅತ್ತೆಯವರಿಗೆ. ಇದನ್ನು ಅವರಿಗೆ ಓದಿ ಹೇಳಿ, ಒಂದಕ್ಷರ ಕೂಡಿಸದೆ, ಒಂದಕ್ಷರ ಬಿಡದೆ.

ಅಮ್ಮಾ, ಆಪರೇಷನ್ ಶುರುವಾಗುವ ಮೊದಲು ಇಬ್ಬರು ನರ್ಸುಗಳು ನಿಮ್ಮ ಬಾಲದ ಬಟ್ಟೆಗಳನ್ನು ಒಟ್ಟಿಗೆ ಬಾಯಿಬಿಟ್ಟು ಎಣಿಸುತ್ತಾರೆ. ಗೋಡೆಯ ಹಲಗೆಯ ಮೇಲೆ ಬರೆಯುತ್ತಾರೆ. ಹೊಟ್ಟೆ ಹೊಲಿಯುವ ಮೊದಲು ಮತ್ತೆ ಎಣಿಸುತ್ತಾರೆ. ಹೊಲಿದ ಮೇಲೆ ಮತ್ತೊಮ್ಮೆ. ಬಟ್ಟೆಯನ್ನು ಒಳಗೆ ಒತ್ತಿಟ್ಟಾಗ ಅದರ ಬಾಲ ಹೊಟ್ಟೆಯ ಹೊರಗೇ ಇರುತ್ತದೆ. “ನಾನಿಲ್ಲಿದ್ದೇನೆ, ಮರೀಬೇಡಿ” ಎಂದು ಹೇಳಲಿಕ್ಕೆ. ಬಾಲ ಮೊಳೆಗಲ್ಲ. ಬಾಲ ಅದಕ್ಕೆ.

ಒಂದು ದಿನ ನಮ್ಮಲ್ಲಿ ಒಂದು ಬಟ್ಟೆ ಕಡಿಮೆ ಬಂತು. ಸರ್ಜನ್ ದೊಡ್ಡ ಆಳು, ದೊಡ್ಡ ಹೆಸರು, ಹೊಲಿದು ಮುಗಿಸಲು ಅವಸರ. ನರ್ಸ್ ಗುಬ್ಬಿಯಷ್ಟಿದ್ದಳು. “ಎಣಿಕೆ ಸರಿಯಾಗೋವರೆಗೆ ಸೂಜಿ ಕೊಡಲ್ಲ ಸಾರ್” ಎಂದಳಂತೆ. ಬಳಸಿದ ಹೊದಿಕೆಗಳ ಚೀಲ ಆಗಲೇ ನೆಲಮಾಳಿಗೆಗೆ ಬಂದಿತ್ತು. ಫೋನು ಬಂತು. ನಾನು ಮಂಡಿಯೂರಿ ಒಂದೊಂದು ಹೊದಿಕೆಯನ್ನೂ ಬಿಡಿಸಿದೆ. ಆರನೆಯದರ ಮಡಿಕೆಯಿಂದ ನೀಲಿ ಬಾಲವೊಂದು ಇಣುಕಿತು. ಬಾಲವಿಲ್ಲದಿದ್ದರೆ ಆ ಮುದ್ದೆಯಲ್ಲಿ ನನಗದು ಕಾಣುತ್ತಲೇ ಇರಲಿಲ್ಲ. ಇಲಿ ಹಿಡಿದ ಹಾಗೆ ಬಾಲ ಹಿಡಿದುಕೊಂಡು ಮೂರು ಮಹಡಿ ಓಡಿದೆ. ಬಾಗಿಲ ಸಂದಿಯಿಂದ ನರ್ಸ್ ನೋಡಿ, “ಇಪ್ಪತ್ತು. ಎಣಿಕೆ ಸರಿ” ಎಂದಳು. ಒಳಗಿಂದ ಆ ದೊಡ್ಡ ಸರ್ಜನ್ ಕೂಗಿದರು: “ಥ್ಯಾಂಕ್ಸ್ ಡಾಕ್ಟ್ರೇ!”

ನನಗೆ ಆ ಹೆಸರು ಬಂದದ್ದು ಹಾಗೆ. ನನ್ನ ಏಳನೇ ಅಧ್ಯಾಯದಲ್ಲಿ ಇರುವುದೂ ಇದೇ. ಅಲ್ಲಿ ಬಟ್ಟೆ ಒಳಗೆ ಉಳಿಯುವುದಿಲ್ಲ. ಸಿಗುತ್ತದೆ.

ಅಮ್ಮಾ, ಇದನ್ನು ಹೇಳುತ್ತಿರುವವನು ಡಾಕ್ಟರ್ ಅಲ್ಲ. ನೀವು ಹೊಲಿದ ಬಟ್ಟೆಯಂಥ ಬಟ್ಟೆಗಳನ್ನು ಕೈಯಾರೆ ಮುಟ್ಟಿದವನು.

ಇಂತಿ,
ಬಟ್ಟೆ ಒಗೆಯುವ ಡಾಕ್ಟ್ರು


ಏಪ್ರಿಲ್ ೯

ಅಣ್ಣನವರಿಗೆ,

ನಾನೇ.

ನಮ್ಮ ಅಜ್ಜಿ ಜಗಲಿಯ ಮೇಲೆ ಕಥೆ ಹೇಳುತ್ತಿದ್ದಳು. ಮಕ್ಕಳು ತೂಕಡಿಸಿದರೆ ಕಥೆಗೆ ಒಂದು ಹುಲಿ ಬಿಡುತ್ತಿದ್ದಳು. ಕಥೆಯಲ್ಲಿ ಹುಲಿ ಇರಲಿ ಇಲ್ಲದಿರಲಿ, ಹುಲಿ ಬರುತ್ತಿತ್ತು. ಆ ದಿನ ನಾನು ಏಳನೇ ಅಧ್ಯಾಯ ಓದುತ್ತಿದ್ದೆ. ಊಟವಾಗಿತ್ತು, ಇಸ್ತ್ರಿಯ ಸೆಕೆ, ಅತ್ತೆ ಗೊರಕೆ ಹೊಡೆಯತೊಡಗಿದರು. ನನಗೆ ಅವಮಾನವಾಯಿತು. ಬೆಳಿಗ್ಗೆ ಬೇರೆ, “ನಿನ್ನ ಓದು ಜೋಗುಳ ಇದ್ದಂಗಿದೆ” ಎಂದು ಎಲ್ಲರೆದುರು ಹೇಳಿದ್ದರು. ಬಟ್ಟೆ ಕಡಿಮೆಯಾದ ಜಾಗಕ್ಕೆ ಬಂದಿದ್ದೆ. ಪುಸ್ತಕದಿಂದ ಕಣ್ಣು ತೆಗೆಯದೆ ನನ್ನ ಹುಲಿ ಬಿಟ್ಟೆ. ನರ್ಸು ಸುಳ್ಳು ಎಣಿಸಿದಳು, ಬಟ್ಟೆ ಒಳಗೇ ಉಳಿಯಿತು, ಬಾಲ ಸಮೇತ. ರೋಗಿ ಮನೆಗೆ ಹೋದ ಮೇಲೆ ಹೊಟ್ಟೆಯೊಳಗಿಂದ ಅದು ಹೊಲಿದವಳ ಹೆಸರು ಹಿಡಿದು ಪಿಸುಗುಟ್ಟತೊಡಗಿತು. ಗೊರಕೆ ನಿಂತಿತು. ಆವತ್ತು ಎಷ್ಟು ಹೆಮ್ಮೆಪಟ್ಟೆ ಗೊತ್ತೇ!

ಮೊದಲ ಪತ್ರದಲ್ಲಿ ಅದನ್ನು ಬರೆಯದೆ ಬಿಡೋಣವೆಂದರೆ ಇಸ್ತ್ರಿ ಅಕ್ಕ ಅಕ್ಷರ ಅಕ್ಷರ ನೋಡುತ್ತಾ ಕೂತಿದ್ದಳು. ಆಮೇಲೆ ಹೇಳೋಣವೆಂದರೆ ಬಾಯಿ ಬರಲಿಲ್ಲ. ಓದಲು ಬಾರದವರು ನನ್ನ ನಾಲಿಗೆಯನ್ನೇ ಪುಸ್ತಕವೆಂದು ನಂಬಿದ್ದಾರೆ. ಅದು ಸುಳ್ಳೆಂದು ಗೊತ್ತಾದರೆ ಇನ್ನು ಏನನ್ನು ನಂಬಿಯಾರು? ಡಾಕ್ಟರೊಬ್ಬರು ನಾಲ್ಕು ಸಾಲು ಬರೆದರೆ ಸಾಕು, ನನ್ನದು ಮುಚ್ಚಿಹೋಗುತ್ತದೆ ಎಂದುಕೊಂಡೆ. ನಿಮಗೆ ನೆನಪು ಹೋಯಿತೆಂಬ ಭಯ ಹುಟ್ಟಿಸಿದವಳೂ ನಾನೇ ಎಂದು ಓದಿದಾಗ, ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಿಟ್ಟೆ.

ನಿನ್ನೆ ಶೆಡ್ಡಿನಲ್ಲಿ ನಿಂತುಕೊಂಡು ನಿಮ್ಮ ಕಾಗದ ಓದಿದೆ. ಒಂದಕ್ಷರ ಬಿಡಲಿಲ್ಲ. “ಆ ಬಟ್ಟೆಯ ಬಾಯಿಗೆ ಮಾತು ಕೊಟ್ಟವರು ಯಾರು?” ಎಂಬಲ್ಲಿಗೆ ಬಂದಾಗ ನಿಲ್ಲಿಸಿ, “ನಾನು” ಎಂದೆ.

ಇಸ್ತ್ರಿ ಪೆಟ್ಟಿಗೆಯ ಕೆಳಗೆ ಒಂದು ಗೌನು ಸುಟ್ಟ ವಾಸನೆ ಬಂತು. “ಅಯ್ಯೋ ನನ್ನ ಗೌನು!” ಎಂದು ಇಸ್ತ್ರಿ ಅಕ್ಕ ಎತ್ತಿದಳು. ಆಮೇಲೆ ನನ್ನ ಕಡೆ ತಿರುಗಿ, “ಇದೂ ನಿನ್ನ ಲೆಕ್ಕಕ್ಕೇ” ಎಂದಳು.

ಉಳಿದದ್ದನ್ನೂ ಓದಿ ಮುಗಿಸಿದೆ. ಅತ್ತೆ ಮಿಷಿನ್ನಿನ ಮೇಲಿದ್ದ ಬಟ್ಟೆಯನ್ನು ತೆಗೆದು, ಬಾಲ ಹಿಡಿದು ಕಣ್ಣಿನ ಮುಂದೆ ತೂಗಾಡಿಸಿ ನೋಡಿದರು.

“ಮೂವತ್ತು ವರ್ಷ ಮೊಳೆಗೆ ಅಂದ್ಕೊಂಡಿದ್ದೆ” ಎಂದರು. ಆಮೇಲೆ ನನ್ನನ್ನು ನೋಡಿದರು. “ಅಂತೂ ನಾನು ಒಂದು ಗಳಿಗೆ ಗೊರಕೆ ಹೊಡೆದದ್ದಕ್ಕೆ ಎರಡು ತಿಂಗಳು ಶಿಕ್ಷೆ.”

“ತಪ್ಪಾಯ್ತು ಅತ್ತೆ.”

“ತಪ್ಪಾಯ್ತು ಅಂದ್ರೆ ಸಾಲ್ದು. ಓದು. ಏಳನೇ ಅಧ್ಯಾಯ. ಇದ್ದದ್ದು ಇದ್ದ ಹಾಗೆ.”

ಓದಿದೆ. ಇಸ್ತ್ರಿ ಅಕ್ಕ ಹಿಂದೆ ನಿಂತು ಸಾಲು ಸಾಲಿಗೂ ಬೆರಳಿಟ್ಟು ಕಾವಲು ಕಾದಳು. ಪುಸ್ತಕದ ನರ್ಸು “ಸೂಜಿ ಕೊಡಲ್ಲ” ಎಂದಾಗ ಕತ್ತರಿ ಮಾವ ಕತ್ತರಿಯನ್ನು ಮೇಜಿಗೆ ಕುಟ್ಟಿ, “ಭಲೇ ಹುಡುಗಿ!” ಎಂದರು. ನೆಲಮಾಳಿಗೆಯಿಂದ ಒಬ್ಬ ಮೆಟ್ಟಿಲು ಹತ್ತಿ ಓಡಿ ಬರುತ್ತಾನಲ್ಲ, ಅವನಿಗೆ ನೀವು ಹೆಸರೇ ಇಟ್ಟಿಲ್ಲ. ಅತ್ತೆಗೆ ಅವನು ಯಾರೆಂದು ಗೊತ್ತಾಯಿತು.

“ಡಾಕ್ಟ್ರಾಗಿ ಬರೆದಾಗ ನಂಬಲಿಲ್ಲ ಅಂತ ಹೇಳು. ಈಗ ನಂಬಿದೆ ಅಂತ ಹೇಳು” ಎಂದರು.

ಚೀಲ ಮತ್ತೆ ತುಂಬಿದ್ದಾರೆ. ತಾರೀಖು ಹದಿನೇಳು.

ನಿಮ್ಮ ತಂಗಿ,
ರೇಡಿಯೋ


ಏಪ್ರಿಲ್ ೧೮

ತಂಗಿ ರೇಡಿಯೋಗೆ,

ನಿನ್ನೆ ಇಡೀ ದಿನ ಕೈ ಕೆಲಸಕ್ಕೆ ಹತ್ತಲಿಲ್ಲ. ಮನೆಯಲ್ಲಿದ್ದ ಟವೆಲುಗಳನ್ನೆಲ್ಲ ಎರಡು ಸಲ ಒಗೆದೆ.

ಕೋಪವಿಲ್ಲ ಎಂದಿದ್ದೆ, ಈಗಲೂ ಇಲ್ಲ. ನಿಜ ಹೇಳಲೇ? ಬಟ್ಟೆ ಹೊಲಿದವಳ ಹೆಸರು ಹಿಡಿದು ಪಿಸುಗುಟ್ಟುವುದು ನನಗೆ ಹೊಳೆಯಲಿಲ್ಲವಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚಾಯಿತು. ನೀವೇ ಒಂದು ಪುಸ್ತಕ ಬರೆಯಿರಿ. ಆದರೆ ನಿಮ್ಮ ಹುಲಿಗಳನ್ನು ನಿಮ್ಮ ಹೆಸರಿನಲ್ಲೇ ಬಿಡಿ.

ಪ್ರಕಾಶಕರಿಗೆ ಎಲ್ಲ ಬರೆದೆ. “ಡಾ. ತೆಗೆದರೆ ಯಾರು ಕೊಳ್ತಾರೆ?” ಎಂದರು. ಪುಸ್ತಕವೇ ನಿಂತುಹೋದರೂ ಸರಿ, ಆ ‘ಡಾ.’ ಹೋಗಲಿ ಎಂದೆ. ಒಂದು ವಾರ ಬಿಟ್ಟು ಒಪ್ಪಿದರು. ಎರಡನೇ ಮುದ್ರಣದಲ್ಲಿ ‘ಆಸ್ಪತ್ರೆಯಲ್ಲಿ ಮೂವತ್ತೊಂದು ವರ್ಷ ಬಟ್ಟೆ ಒಗೆದವರು’ ಎಂದು ಇರುತ್ತದೆ. ಅಂಗಡಿಯವರಿಗೂ ನಾನೇ ಹೋಗಿ ಹೇಳಿಬಂದೆ. ಅವರು ಒಂದು ಕ್ಷಣ ನೋಡಿ, ಒಳಗಿನಿಂದ ಒಂದು ಬಿಳಿ ಅಂಗಿ ತಂದು, “ಹಾಗಾದ್ರೆ ಈ ಕರೆ ಹೇಗೆ ಹೋಗುತ್ತೆ ಹೇಳಿ” ಎಂದರು. ಬೆನ್ನು ಈಗಲೂ ನೆಟ್ಟಗೇ ಇದೆ.

ಎಣಿಕೆ ಸರಿಯಾಯಿತೇ? ಒಂದು ಕಾರ್ಡು ಸಾಕು.

ನಿಮ್ಮ ಅಣ್ಣ


ಏಪ್ರಿಲ್ ೨೬

ಎಣಿಕೆ ಸರಿ. ಉಳಿದದ್ದು ಅತ್ತೆಯೇ ಹೇಳಬೇಕಂತೆ, ನಾನು ಮುಟ್ಟಬಾರದಂತೆ. ಅವರು ಶೆಡ್ಡಿಗೆ ಬರುವವರೆಗೆ ತಾಳಿ.

ರೇಡಿಯೋ


ಜೂನ್ ೧

ಪ್ರೀತಿಯ ಅಣ್ಣನವರಿಗೆ,

ಮೊನ್ನೆ ಅತ್ತೆ ಶೆಡ್ಡಿಗೆ ಬಂದರು. ಕೆಲಸಕ್ಕಲ್ಲ, ಕಥೆ ಹೇಳಲಿಕ್ಕೆ. ಕತ್ತರಿ ಮಾವ ತಮ್ಮ ಸ್ಟೂಲು ಬಿಟ್ಟುಕೊಟ್ಟರು. ಆ ಸ್ಟೂಲನ್ನು ಅವರು ಯಾರಿಗೂ ಬಿಟ್ಟುಕೊಟ್ಟದ್ದನ್ನು ನಾನು ಕಂಡಿಲ್ಲ. ಅತ್ತೆ ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. ಇಸ್ತ್ರಿ ಅಕ್ಕ ಪಕ್ಕದಲ್ಲೇ ಇದ್ದಾಳೆ.

“ಒಳಗೆ ಚಳಿ ಅಂದ್ರೆ ಚಳಿ. ಮಲಗಿಸಿದ್ರು. ನಾನು ಕತ್ತು ತಿರುಗಿಸಿ ನೋಡ್ದೆ. ಒಬ್ಬಳು ನರ್ಸು ಬಾಲದ ಬಟ್ಟೆ ಕಟ್ಟು ಬಿಚ್ಚಿದಳು. ಇನ್ನೊಬ್ಬಳು ಹಲಗೆ ಹತ್ರ ನಿಂತಳು. ಇಬ್ಬರೂ ಒಟ್ಟಿಗೆ, ಒಂದು, ಎರಡು, ಮೂರು, ಅಂತ ಶುರು ಮಾಡಿದ್ರು. ನೀಲಿ ಬಾಲ ಒಂದೊಂದೇ ಇಳಿಬಿದ್ದವು. ನೋಡ್ತೀನಿ, ಬಾಲದ ಬುಡದಲ್ಲಿ ಹೊಲಿಗೆ ಒಂದು ಸಲ ಹಿಂದಕ್ಕೆ ಬಂದು ಓರೆಯಾಗಿ ಮುಗಿದಿದೆ. ಹಾಗೆ ಮುಗಿಸೋದು ಈ ಶೆಡ್ಡಲ್ಲಿ ಯಾರು?”

“ನೀವೇ ಕಣತ್ತೆ. ನಾವೆಲ್ಲ ನೆಟ್ಟಗೆ ಮುಗಿಸ್ತೀವಿ” ಎಂದೆ.

“ಸುಮ್ನಿರು, ನನ್ನ ಕಥೆ. ‘ಅದು ನಾನು ಹೊಲಿದದ್ದಮ್ಮ’ ಅಂದೆ. ಆ ಹುಡುಗಿ ಬಟ್ಟೆ ನೋಡಿದಳು, ನನ್ನನ್ನ ನೋಡಿದಳು. ‘ಹಾಗಾದ್ರೆ ತಪ್ಪಿಲ್ದೇ ಎಣಿಸಬೇಕು, ಯಜಮಾನಿ ಇಲ್ಲೇ ಮಲಗಿದ್ದಾರೆ’ ಅಂದಳು. ಡಾಕ್ಟರಮ್ಮನೂ ನಕ್ಕರು. ಆಮೇಲೆ ಮೂಗಿಗೆ ಏನೋ ಇಟ್ಟರು. ನಾನು ಐದರವರೆಗೆ ಅವರ ಜೊತೇಲೇ ಎಣಿಸಿದ್ದು ಗೊತ್ತು. ಆರು ಗೊತ್ತಿಲ್ಲ.”

ಎಚ್ಚರವಾದಾಗ ಪಕ್ಕದಲ್ಲಿ ನಾನಿದ್ದೆ, ನಮ್ಮವರಿದ್ದರು. ಅತ್ತೆ ನಮ್ಮಿಬ್ಬರನ್ನೂ ಬಿಟ್ಟು, ಬಾಗಿಲಲ್ಲಿ ಹೋಗುತ್ತಿದ್ದ ಆ ನರ್ಸನ್ನು ನೋಡಿ, ಒಣಗಿದ ಬಾಯಲ್ಲಿ “ಎಷ್ಟು?” ಎಂದರು.

“ಹದಿನೈದಕ್ಕೆ ಹದಿನೈದು ಅಜ್ಜೀ” ಎಂದಳು ಅವಳು.

ಗಡ್ಡೆ ಕೆಟ್ಟದ್ದಲ್ಲ ಎಂದು ಪರೀಕ್ಷೆಯಲ್ಲಿ ಬಂದಿದೆ. ಅತ್ತೆ ಈಗ ನೀರಿನ ಕೊಡ ಎತ್ತಬಾರದು. ಅದರಿಂದ ಅವರಿಗೆ ಭಾರೀ ಖುಷಿ. ಕುರ್ಚಿಯಲ್ಲಿ ಕೂತು ನಾನು ಎತ್ತುವುದನ್ನು ತಿದ್ದುತ್ತಾರೆ.

ಕಥೆ ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡಿದರು ಎಂದು ಹೇಳಿ ನಿಲ್ಲಿಸುತ್ತೇನೆ. ನಮ್ಮ ಅಜ್ಜಿ ಹಾಗೇ ನಿಲ್ಲಿಸುತ್ತಿದ್ದಳು.

ನಾವು ಬಾಲದ ಬಟ್ಟೆಗಳನ್ನು ಐದೈದು ಮಾಡಿ ಕಟ್ಟುತ್ತೇವೆ. ಇಷ್ಟು ವರ್ಷ ಮನಸ್ಸಿನಲ್ಲೇ ಎಣಿಸುತ್ತಿದ್ದೆವು, ಬಾಯಲ್ಲಿ ಊರ ಸುದ್ದಿ ಇರುತ್ತಿತ್ತು. ಮರುದಿನ ಬೆಳಿಗ್ಗೆ ಮೊದಲ ಕಟ್ಟು ಕಟ್ಟುವಾಗ ಇಸ್ತ್ರಿ ಅಕ್ಕ “ಒಂದು” ಎಂದಳು. ಯಾರೂ ಹೇಳಿಕೊಟ್ಟಿರಲಿಲ್ಲ. “ಎರಡು” ಎನ್ನುವಾಗ ನಾನೂ ಸೇರಿದೆ. ಐದಕ್ಕೆ ಇಡೀ ಶೆಡ್ಡು. ಪ್ರತಿ ಬಾಲದ ಬುಡದಲ್ಲೂ ಎಲ್ಲರೂ ಒಂದು ಸಲ ಹಿಂದಕ್ಕೆ ಬಂದು ಓರೆಯಾಗಿ ಮುಗಿಸಿದರು. “ನನ್ನ ಗುರುತು ಕದ್ದರಲ್ಲೇ” ಎಂದು ಅತ್ತೆ ಗೊಣಗಿದರು. ಅಂದು ಅವರು ಬರಬೇಕಾಗಿರಲಿಲ್ಲ, ಬಂದಿದ್ದರು.

ಆಮೇಲೆ ಕತ್ತರಿ ಮಾವ ಇನ್ನೊಂದು ಹಳೆಯ ಪುಸ್ತಕ ತೆಗೆದರು. ಕಳ್ಳರ ಕಥೆ, ಈ ಸಲ ಹೆಸರು ಸರಿಯಾಗಿ ಓದಿಯೇ ತಂದದ್ದು. ನಾನು ಓದಲು ಹಿಂಜರಿದೆ. “ಪುಸ್ತಕದಲ್ಲಿರೋದಷ್ಟೇ!” ಎಂದು ಇಸ್ತ್ರಿ ಅಕ್ಕ ಬೆರಳೆತ್ತಿದಳು.

“ಒಂಚೂರು ಸೇರಿಸಲಿ ಬಿಡೇ, ಇಲ್ದಿದ್ರೆ ನಿದ್ದೆ ಬರುತ್ತೆ” ಎಂದರು ಅತ್ತೆ. “ಆದ್ರೆ ಸೇರಿಸುವಾಗ ಕೈ ಎತ್ತಬೇಕು.”

ಮೊದಲ ಪುಟಕ್ಕೇ ಎರಡು ಸಲ ಕೈ ಎತ್ತಿದೆ. ಅತ್ತೆ ಗೊರಕೆ ಹೊಡೆಯಲಿಲ್ಲ.

ನಿಮ್ಮ ತಂಗಿ,
ರೇಡಿಯೋ